ಪಿಕಪ್ಪಿನ ಹಿಂದಿನ ಸಪ್ಪಳ

ನನ್ನ ಕಿವಿ ಸಂಶಯದ ಕಿವಿರಿ. ಮಂದಿ ಗಾಡಿ ಓಡಿಸುವಾಗ ಹಾಡು ಕೇಳ್ತಾರ, ನಾ ಗಾಡೀನೇ ಕೇಳ್ತೇನಿ. ಎಲ್ಲಿ ಕುಂಯ್ ಅಂತು, ಎಲ್ಲಿ ಕಟ್ ಅಂತು ಅಂತ. ಏನೂ ಸಪ್ಪಳ ಬರಲಿಲ್ಲಂದ್ರ ಇನ್ನೂ ಸಂಶಯ, ಏನೋ ಮುಚ್ಚಿಡಾಕತ್ತದ ಅಂತ. ತರಕಾರಿಯವನ ತಕ್ಕಡಿ, ಹೆಂಡತಿಯ 'ಏನಿಲ್ಲ ಬಿಡ್ರಿ', ಇವೆರಡನ್ನೂ ನಾ ಇನ್ನೂ ನಂಬಿಲ್ಲ. ಊರ ಮಂದಿಯ ಕಣ್ಣಂತೂ ದೂರದ ಮಾತು. ದೃಷ್ಟಿ ಹತ್ತಬಾರದಂತ ತಳಕ್ಕ ಕಬ್ಬಿಣದ ನಾಲು ಬಡಿದ ನನ್ನ ಹಳೇ ಚಪ್ಪಲಿ, ಅದೇ ಕಾಲ್ಮರಿಯನ್ನ, ಪಿಕಪ್ಪಿನ ಹಿಂದ ಗಾಡಿ ತಳದಾಗ ಹಗ್ಗದಿಂದ ಇಳಿಬಿಟ್ಟವ ನಾನು.

ಇಂಥಾ ನಾನು ಆ ಪಿಕಪ್ಪಿನ ಹಿಂದಿನ ಎಕ್ಸಲ್ ಬದಲಿಸಾಕ ಹೊಂಟೆ, ಅದೂ ಇಜೇರಿಯ ನಮ್ಮ ಮನೀ ಅಂಗಳದಾಗ. ತೊಗರಿ ಚೀಲ ಹೇರಿದ್ರ ಗಾಡಿ ನರಳತಿತ್ತು. ಗೆಳೆಯ ಮಹಬೂಬ ಆಳಂದದ ಗುಜರಿಯಿಂದ ದೊಡ್ಡ ಗಾಡೀದೊಂದು ಎಕ್ಸಲ್ಲು, ನಡುವಿನ ಉಬ್ಬಿದ ಡಬ್ಬಿ ಡಿಫರೆನ್ಶಿಯಲ್ ಸಮೇತ ತಂದ. ಗುಜರಿಯವ ಅವನ ಷಡ್ಡಕ. ಸಂಶಯದ ಬೀಜ ಬಿದ್ದದ್ದು ಅಲ್ಲೇ ನೋಡ್ರಿ. ಮಹಬೂಬನ ಮಗಳ ಲಗ್ನ ಆಗಿತ್ತು. ಆಕಿ ಮಂಚ, ಕಪಾಟು ಗಂಡನ ಊರು ಗೊಬ್ಬೂರಿಗೆ ನನ್ನ ಗಾಡ್ಯಾಗೇ ಹೋಗಬೇಕಂತ ನಾನೇ ಹಟ ಹಿಡಿದು ಮಾತು ಕೊಟ್ಟಿದ್ದೆ.

ಬೇವಿನ ಗಿಡದ ಬುಡಕ ಜಾಕ್ ಏರಿಸಿ, ಇಬ್ಬರೂ ಅಂಗಾತ ಮಲಗಿ ಬೋಲ್ಟು ಬಿಗಿದ್ವಿ. ಅಡ್ಡ ಬರ್ತದಂತ ಮ್ಯಾಲ ಸಿಗಿಸಿದ್ದ ಕಾಲ್ಮರಿಯನ್ನ ಕೆಲಸ ಮುಗಿದ ಮ್ಯಾಲ ಮರೀದೇ ಇಳಿಬಿಟ್ವಿ. ಈ ಡಿಫರೆನ್ಶಿಯಲ್ ಅನ್ನೋದು ಭಾಳ ಶಾಣ್ಯಾ. ತಿರುವಿನಾಗ ಒಂದು ಗಾಲಿ ಹೆಚ್ಚು ಓಡಬೇಕು, ಇನ್ನೊಂದು ಕಡಿಮಿ. ಎರಡಕ್ಕೂ ಮನಸ್ತಾಪ ಬರದಂಗ ಸಂಭಾಳಿಸ್ತದ. ಗೆಳೆಯರ ನಡುವನೂ ಇಂಥಾದೊಂದು ಕೂಡಿಸಾಕ ಬಂದಿದ್ರ ಚಲೋ ಇತ್ತು.

ಅಂದೋಲಾ ಊರಿನ ದಾರಿಗೆ ಗಾಡಿ ಬಿಟ್ಟೆ. ತಗ್ಗು ಬಂತು, ಹಿಂದ ಟಣ್ ಅಂತು. ಇನ್ನೊಂದು ತಗ್ಗು, ಮತ್ತ ಟಣ್. ತಿರುಗಿ ಬಂದು ಡಿಫರೆನ್ಶಿಯಲ್ ಬಿಚ್ಚಿ, ಎಣ್ಣಿ ಬೆರಳಿಗೆ ಹಚ್ಚಿ ತಿಕ್ಕಿ ನೋಡಿದ್ವಿ. ಒಳಗಿನ ಹಲ್ಲು ಮುರಿದಿದ್ರ ಸಿಗಬೇಕಿದ್ದ ಕಬ್ಬಿಣದ ಒಂದು ಚೂರೂ ಇಲ್ಲ. ಮುಚ್ಚಿ ಓಡಿಸಿದ್ರ ಮತ್ತ ಟಣ್. ನನ್ನ ತಲಿ ಕೆಡ್ತು, ಬಾಯಿ ಸಡಲಾತು.

"ಆಳಂದದಾಗ ಮಾಲು ನೋಡಿ ತಂದ್ಯೋ, ಷಡ್ಡಕನ ಮಾರಿ ನೋಡಿ ತಂದ್ಯೋ?"

ಮಹಬೂಬ ಸಾವಕಾಶ ಕೈ ಒರಸಿಕೊಂಡ. "ಮಗಳ ಸಾಮಾನು ಬ್ಯಾರೆ ಗಾಡ್ಯಾಗ ಒಯ್ತೇನಿ, ಬಿಡ್ರಿ," ಅಂದು ಎದ್ದು ಹೋದ. ಸಣ್ಣವರಿದ್ದಾಗಿಂದ ನನಗ 'ಲೇ' ಅಂದವ ಅವತ್ತು 'ರಿ' ಹಚ್ಚಿದ್ದ. ಬೈದಿದ್ರ ಇಷ್ಟು ನೋಯ್ತಿದ್ದಿಲ್ಲ.

ಮರುದಿನ ಹೆಂಡತಿ ಅಂಗಳ ಕಸ ಹೊಡೀತಾ ಗಾಡಿ ಹಿಂದ ಬಗ್ಗಿ, ಈ ಕಾಲ್ಮರಿ ನಾಲು ಯಾಕ ಇಷ್ಟು ಹೊಳ್ಯಾಕತ್ತದ ಅಂತ ಕೇಳಿದಳು. ನಾನೂ ಬಗ್ಗಿದೆ. ಹೊಸ ಎಕ್ಸಲ್ಲಿನ ನಡುವಿನ ಹೊಟ್ಟಿ ಹಳೇದಕ್ಕಿಂತ ದಪ್ಪ. ಮೊದಲು ಆರಾಮ ತೂಗಾಡತಿದ್ದ ಕಾಲ್ಮರಿ ಈಗ ತಗ್ಗು ಬಂದಾಗೊಮ್ಮೆ ಅದಕ್ಕ ಹೋಗಿ ಬಡೀತಿತ್ತು. ಬಣ್ಣ ಕಿತ್ತು ಅಲ್ಲೊಂದು ಗುರುತೂ ಬಿದ್ದಿತ್ತು.

ಬಿಚ್ಚಿ ಕೈಯಾಗ ಹಿಡಕೊಂಡು ಮಹಬೂಬನ ಮನೀಗೆ ಹೋದೆ. ಕಾಲ್ಮರಿ ಹಿಡಕೊಂಡು ಒಬ್ಬರ ಬಾಗಿಲಿಗೆ ಹೋಗೂದು ಎಂಥಾ ನಾಚಿಕಿ ಅಂತೀರಿ. ತಪ್ಪಾತು, ಇದನ್ನ ಹಳ್ಳಕ್ಕ ಬಿಸಾಡ್ತೇನಿ ಅಂದೆ. ಅವ ನಾಲು ನೋಡಿದ, ನನ್ನ ಮಾರಿ ನೋಡಿದ.

"ಬಿಸಾಡಬ್ಯಾಡಲೇ. ಮಗಳ ಸಾಮಾನು ಹೊಂಟದ, ದೃಷ್ಟಿಗೆ ಇರಲಿ. ಹಗ್ಗ ಗಿಡ್ಡ ಮಾಡಿ ಕಟ್ಟು."

ಆ 'ಲೇ' ಕೇಳಿ ಜೀವ ತಂಪಾತು. ಮಂಚ, ಕಪಾಟು ಹೇರಿಕೊಂಡು ಗೊಬ್ಬೂರ ಮುಟ್ಟೂತನಕ ಹಿಂದ ಒಂದು ಸಪ್ಪಳಿಲ್ಲ.

ಸಂಶಯ ಬಿಟ್ಟೇನಿ ಅಂದ್ರ ನೀವು ನಂಬೂದಿಲ್ಲ, ನಾನೂ ನಂಬೂದಿಲ್ಲ. ಕಾಲ್ಮರಿ ಈಗೂ ಗಾಡಿ ಹಿಂದ ತೂಗಾಡತದ. ಹಗ್ಗ ಮಾತ್ರ ಗಿಡ್ಡ ಅದ.