ಪರದೇಶದವರು ಓದಿದ ಬಸ್ಸಿನ ವೇಳಾಪಟ್ಟಿ

ಬೆಳಿಗ್ಗೆ ಚಹಾದ ಕಪ್ಪು ಕೈಯಲ್ಲಿರುವಾಗಲೇ ನಾನು ಮೊಬೈಲಿನ ಒಂದು ಗುಂಪಿಗೆ ದಿನಕ್ಕೊಂದು ಲಿಂಕು ಕಳಿಸುತ್ತೇನೆ, ಅದರ ಕೆಳಗೆ ಎರಡು ಸಾಲು ಟೀಕೆ. ಉಳಿದ ಗುಂಪುಗಳಲ್ಲಿ ಗುಲಾಬಿ ಹೂವಿನ ಮೇಲೆ ಶುಭೋದಯ ಬರುತ್ತದೆ. ನಮ್ಮಲ್ಲಿ ಇಂಟರ್ನೆಟ್ಟಿನ ಹಳೇ ಸಾಮಾನು ಬರುತ್ತದೆ. ಯಾವನೋ ಒಬ್ಬ ತನ್ನ ಮನೆಯ ಮೀನಿನ ತೊಟ್ಟಿಗೆ ಕ್ಯಾಮೆರಾ ಇಟ್ಟು ಜಗತ್ತಿಗೆಲ್ಲ ತೋರಿಸಿದ ಪುಟ. ಒತ್ತಿದರೆ ಏನೂ ಆಗದ ಒಂದೇ ಒಂದು ಗುಂಡಿ ಇರುವ ಪುಟ. ಅದರ ಕೆಳಗೆ ನಾನು "ನಮ್ಮ ಮನೆಯ ಕಾಲಿಂಗ್ ಬೆಲ್ಲಿನ ಮುತ್ತಜ್ಜ" ಎಂದು ಬರೆದಿದ್ದೆ. ಗುಂಪಿನಲ್ಲಿರುವವರೆಲ್ಲ ಇಪ್ಪತ್ತು ವರ್ಷಕ್ಕೂ ಹಿಂದೆ ಗೋಕಾಕದ ಬಸ್ ನಿಲ್ದಾಣದ ಎದುರಿನ ಸೈಬರ್ ಕೆಫೆಯಲ್ಲಿ ತಾಸುಗಟ್ಟಲೆ ಕೂತು ಕಣ್ಣು ಕೆಂಪು ಮಾಡಿಕೊಂಡವರು. ಕೌಜಲಗಿಯ ಗೊಬ್ಬರದಂಗಡಿಯವರಿದ್ದಾರೆ, ದಡ್ಡಿಯ ಒಬ್ಬ ಸಾಲಿ ಮಾಸ್ತರರಿದ್ದಾರೆ, ಕೆಫೆ ನೋಡದಿದ್ದರೂ ಮೂಡಲಗಿಯ ನಮ್ಮ ಅಣ್ಣನಿದ್ದಾನೆ. ಯಾರೂ ಲಿಂಕು ತೆರೆದು ನೋಡುವುದಿಲ್ಲ, ನನ್ನ ಟೀಕೆ ಓದಿ ನಗುತ್ತಾರೆ. ನನಗೂ ಅಷ್ಟೇ ಸಾಕು.

ಹೋದ ತಿಂಗಳು ಒಂದು ಮುಂಜಾನೆ ಹುಕ್ಕೇರಿಯಿಂದ ಅದೇ ಗುಂಪಿನ ಕಂಟ್ರೋಲರ್ ಕಾಕಾನ ಧ್ವನಿ ಸಂದೇಶ ನನ್ನೊಬ್ಬಳಿಗೇ ಬಂತು. ಆಗ ಗೋಕಾಕದ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಬಂತು, ಯಾವುದು ಹೋಯಿತು ಎಂದು ಬರೆದುಕೊಳ್ಳುತ್ತಿದ್ದವರು ಇವರು. ಈಗ ನಿವೃತ್ತರಾಗಿ ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ.

"ತಂಗಿ, ಊರ ಮಂದೀದೆಲ್ಲಾ ಹುಡಿಕಿ ಹಾಕತಿ. ನಂದೂ ಒಂದು ಪುಟ ಇತ್ತಲ್ಲವಾ, ಅದನ್ನಷ್ಟ ಹುಡಿಕಿ ಕೊಡು. ಪರದೇಶದವ್ರು ನನಗ ಬರೀತಿದ್ರು ಅಂದ್ರ ಈ ನನ್ನ ಮೊಮ್ಮಗಳು ನಂಬವಲ್ಲಳು. ಕಿಸಕ್ಕನ ನಗತಾಳ."

ನಾನು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಯಾಕೆಂದರೆ ಆ ಪರದೇಶದವರು ನಾನೇ.

ಹೇಗೆಂದು ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು. ನಮ್ಮದು ಮೂಡಲಗಿಯ ಬಳೆ ವ್ಯಾಪಾರದವರ ಮನೆ. ನಮ್ಮ ಓಣಿಯಿಂದ ಗೋಕಾಕದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಕಳಿಸುವಾಗ ಅಬ್ಬಾ, ಅಂದರೆ ನಮ್ಮ ಅಪ್ಪ, ಒಂದೇ ಕರಾರು ಹಾಕಿದ್ದರು. ಬಸ್ಸು ಇಳಿದರೆ ಕಾಲೇಜು, ಕಾಲೇಜು ಬಿಟ್ಟರೆ ಬಸ್ಸು. ಇದರಲ್ಲಿ ಹೆಚ್ಚುಕಡಿಮೆಯಾದರೆ ಕಾಲೇಜು ಬಂದ್. ಅಬ್ಬಾ ಸಿಟ್ಟಿನ ಮನುಷ್ಯರಲ್ಲ, ಆದರೆ ಬಳೆ ಮಾರುವವರಿಗೆ ಒಡೆದದ್ದು ಮತ್ತೆ ಕೂಡುವುದಿಲ್ಲ ಎಂಬ ಹೆದರಿಕೆ ಜಾಸ್ತಿ.

ಕಾಲೇಜು ಮೂರಕ್ಕೆ ಬಿಡುತ್ತಿತ್ತು. ಮೂಡಲಗಿ ಬಸ್ಸು ಮೂರೂ ಹದಿನೈದಕ್ಕೆ, ಮುಂದಿನದು ನಾಲ್ಕಕ್ಕೆ. ನಾನು ಮೊದಲಿನದನ್ನು ಬಿಟ್ಟು ಸೈಬರ್ ಕೆಫೆಗೆ ನುಗ್ಗುತ್ತಿದ್ದೆ. ಮನೆಯಲ್ಲಿ ಕೇಳಿದರೆ, "ಬಸ್ಸು ಬಿಡೋದೇ ನಾಲ್ಕಕ್ಕೆ" ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದೆ.

ಆ ಮುಕ್ಕಾಲು ತಾಸಿನ ಸುಖವನ್ನು ಈಗಿನವರಿಗೆ ವಿವರಿಸುವುದು ಕಷ್ಟ. ಒಂದು ಚಿತ್ರ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿದು ಬರುವಷ್ಟರಲ್ಲಿ ಒಂದು ಬಟ್ಟಲು ಚುರುಮುರಿ ಮುಗಿಯುತ್ತಿತ್ತು. ಎಲ್ಲರೂ ಸ್ವಂತ ಪುಟ ಕಟ್ಟುತ್ತಿದ್ದ ಕಾಲ ಅದು. ಅಕ್ಷರಗಳು ಮಿಣಮಿಣ ಎನ್ನಬೇಕು, ಸಲಿಕೆ ಹಿಡಿದ ಪುಟ್ಟ ಮನುಷ್ಯ 'ಕೆಲಸ ನಡೆದಿದೆ' ಎಂದು ಅಗೆಯುತ್ತಿರಬೇಕು, ಎಷ್ಟು ಜನ ನೋಡಿದರೆಂದು ತೋರಿಸುವ ಮೀಟರು ಇರಬೇಕು, ಕೊನೆಗೆ ಬಂದುಹೋದವರು ನಾಲ್ಕು ಮಾತು ಬರೆಯಲು ಒಂದು ಅತಿಥಿ ಪುಸ್ತಕ ಇರಬೇಕು. ಕಂಟ್ರೋಲರ್ ಕಾಕಾನೂ ಕಟ್ಟಿದರು. ಬೆಳಿಗ್ಗೆ ಡ್ಯೂಟಿಗೆ ಮೊದಲು ಕೆಫೆಯಲ್ಲಿ ಒಂದೊಂದೇ ಬೆರಳಿನಿಂದ ಬಡಿದು ಕಟ್ಟಿದ ಪುಟ. ವಿಷಯ, ಗೋಕಾಕದಿಂದ ಬಿಡುವ ಬಸ್ಸುಗಳ ವೇಳೆ.

ಕನ್ನಡ ಅಕ್ಷರ ಆಗ ಪರದೆಯ ಮೇಲೆ ಡಬ್ಬಿಡಬ್ಬಿಯಾಗಿ ಕಾಣುತ್ತಿದ್ದುದರಿಂದ ಕಾಕಾ ಕಚೇರಿಯ ಇಂಗ್ಲಿಷಿನಲ್ಲೇ ಬರೆದಿದ್ದರು. ಬರೀ ವೇಳೆಯಾಗಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಪ್ರತಿ ಬಸ್ಸಿಗೂ ಟಿಪ್ಪಣಿಯಿತ್ತು. 'ಕುಲಗೋಡ, ಏಳೂ ಹತ್ತು. ಇದು ಕಾಗದದ ವೇಳೆ. ಖರೇ ವೇಳೆ ಏಳೂವರೆ. ಆಡು ತರುವವರು ಹಿಂದೆ ಕೂಡತಕ್ಕದ್ದು.' 'ಕೌಜಲಗಿ, ಒಂಬತ್ತು. ಸಂತೆಯ ದಿನ ಸೀಟು ಸಿಗುತ್ತದೆಂದು ಯಾರಿಗೂ ಭರವಸೆ ಕೊಡಲಾಗುವುದಿಲ್ಲ.' ಪುಟದ ತಲೆಯ ಮೇಲೆ ಕೆಂಪು ಅಕ್ಷರದಲ್ಲಿ ಅವರ ಪ್ರತಿಜ್ಞೆ ಮಿಣುಕುತ್ತಿತ್ತು: 'ಇಲ್ಲಿ ಖರೇ ವೇಳೆ ಮಾತ್ರ ಹೇಳಲಾಗುವುದು.'

ಅತಿಥಿ ಪುಸ್ತಕ ಮಾತ್ರ ಖಾಲಿ. ಎರಡು ತಿಂಗಳಾದರೂ ಒಂದು ನರಪಿಳ್ಳೆ ಬರೆದಿರಲಿಲ್ಲ. ಪಾಪ ಅನಿಸಿತು. ಪಾಪ ಅನಿಸಿದ್ದು ಅರ್ಧ, ಕೈ ತುರಿಸಿದ್ದು ಅರ್ಧ. ನಾನು ಕೆನಡಾದ ಒಬ್ಬ ಡಾಕ್ಟರಾಗಿ ಬರೆದೆ: 'ಮಹಾಶಯರೆ, ತಮ್ಮ ಕುಲಗೋಡ ಬಸ್ಸಿನ ಬಗ್ಗೆ ಓದಿ ಆನಂದವಾಯಿತು. ನಮ್ಮಲ್ಲಿ ಆಡುಗಳಿಗೆ ಇಂಥ ಅನುಕೂಲವಿಲ್ಲ. ಇತ್ತ ನಾವೆಲ್ಲರೂ ಕ್ಷೇಮ. ಮನೆಯಲ್ಲಿ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ.' ಕೆನಡಾದ ಡಾಕ್ಟರು ಹೀಗೆ ಪತ್ರ ಮುಗಿಸುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಪತ್ರವೆಂದರೆ ಹಾಗೆ ಮುಗಿಯಬೇಕು, ಸಾಲಿಯಲ್ಲಿ ಕಲಿಸಿದ್ದೇ ಹಾಗೆ.

ಮರುದಿನ ನಿಲ್ದಾಣದಲ್ಲಿ ಎಲ್ಲ ಡ್ರೈವರುಗಳಿಗೂ ಕಾಕಾನ ಲೆಕ್ಕದಲ್ಲಿ ಚಹಾ. "ಕೆನಡಾದಿಂದ ಕಾಗದ ಬಂದೈತಿ!" ಎಂದು ನನಗೂ ಹೇಳಿದರು. ನಾನು ಬಾಯಿ ತೆರೆದು, "ಹೌದೇನ್ರಿ ಕಾಕಾ?" ಎಂದೆ. ಆಮೇಲೆ ನನ್ನನ್ನು ತಡೆಯುವವರು ಯಾರು? ಜಪಾನಿನ ಒಬ್ಬ ಎಂಜಿನಿಯರು ಬಂದ, ಸ್ಕಾಟ್ಲೆಂಡಿನಲ್ಲಿ ಕುರಿ ಸಾಕುವ ಒಬ್ಬ ಹೆಣ್ಣುಮಗಳು ಬಂದಳು. ಜಪಾನಿನವನು ಶಿಸ್ತಿನ ಬಗ್ಗೆ ಬರೆಯುತ್ತಿದ್ದ, ಕುರಿಯವಳು ಆಡುಗಳನ್ನು ಹಿಂದೆ ಕೂಡಿಸುವುದು ಅನ್ಯಾಯವೆಂದು ಜಗಳ ತೆಗೆಯುತ್ತಿದ್ದಳು. ಕಾಕಾ ಮೂವರಿಗೂ ಗಂಭೀರವಾಗಿ ಉತ್ತರ ಕೊಡುತ್ತಿದ್ದರು, ಪ್ರತಿ ಕಾಗದಕ್ಕೂ ಡ್ರೈವರುಗಳಿಗೆ ಚಹಾ ಕುಡಿಸುತ್ತಿದ್ದರು.

ಹೀಗಿರುವಾಗ ಒಂದು ದಿನ ಪುಟದಲ್ಲಿ ತಪ್ಪು ಕಂಡಿತು. ಮೂಡಲಗಿ ಬಸ್ಸಿನ ಮುಂದೆ ಹೊಸದಾಗಿ ಬರೆದಿತ್ತು: 'ಮೂರೂ ಹದಿನೈದು ಕಾಗದದ ವೇಳೆ. ಖರೇ ವೇಳೆ ನಾಲ್ಕು.' ಆ ಬಸ್ಸು ಮೂರೂ ಹದಿನೈದಕ್ಕೆ ಗಡಿಯಾರ ನೋಡಿ ಬಿಡುತ್ತಿತ್ತು. ದಿನಾ ಅದನ್ನು ಬೇಕಂತಲೇ ತಪ್ಪಿಸಿಕೊಳ್ಳುವ ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಸರ್ವಜ್ಞನಂತಿದ್ದ ಕಾಕಾ ಸಿಕ್ಕಿಬಿದ್ದರೆಂದು ನನಗೆ ಎಲ್ಲಿಲ್ಲದ ಖುಷಿ. ಕೆನಡಾದ ಡಾಕ್ಟರಿಂದ ತಕ್ಷಣ ಬರೆಯಿಸಿದೆ: 'ನನ್ನ ಭಾರತೀಯ ಮಿತ್ರರು ಹೇಳುವಂತೆ ಈ ಬಸ್ಸು ಮೂರೂ ಹದಿನೈದಕ್ಕೇ ಬಿಡುತ್ತದೆ. ದಯವಿಟ್ಟು ತಿದ್ದಿಕೊಳ್ಳಿರಿ.' ಮರುದಿನ ಕಾಕಾನ ಉತ್ತರ: 'ಡಾಕ್ಟರ್ ಸಾಹೇಬರೆ, ತಾವು ರೋಗಿಗಳನ್ನು ನೋಡಿಕೊಳ್ಳಿರಿ. ಬಸ್ಸುಗಳನ್ನು ನಾನು ನೋಡಿಕೊಳ್ಳುತ್ತೇನೆ.' ತಪ್ಪನ್ನು ತಿದ್ದಲೇ ಇಲ್ಲ. ಹಟಮಾರಿ ಮುದುಕ ಎಂದು ನಾನು ಗೆಳತಿಯರ ಮುಂದೆ ಆಡಿಕೊಂಡು ನಕ್ಕೆ.

ಕಾಲೇಜು ಮುಗಿಯಿತು, ಮುಂದೆ ಓದಿದೆ, ಅದೇ ಗೋಕಾಕದಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು. ಪುಟಕ್ಕೆ ಪುಕ್ಕಟೆ ಜಾಗ ಕೊಟ್ಟಿದ್ದವರು ಅಂಗಡಿ ಮುಚ್ಚಿದರು. ನನ್ನ ಮೂವರು ಪರದೇಶಿಗಳೂ ಅದರೊಂದಿಗೆ ಸತ್ತರೆಂದು ನಿಶ್ಚಿಂತಳಾಗಿದ್ದೆ.

ಕಾಕಾ ಕೇಳಿದ ಮೇಲೆ ಪುಟ ಹುಡುಕಲು ನನಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಸತ್ತ ಪುಟಗಳ ನಕಲು ಕಾಪಾಡಿ ಇಡುವ ಉಗ್ರಾಣಗಳು ಜಾಲದಲ್ಲಿವೆ, ಹಳೇ ವಿಳಾಸ ನನಗೆ ಬಾಯಿಪಾಠವಿತ್ತು. ಅಗೆಯುವ ಮನುಷ್ಯ ಇನ್ನೂ ಅಗೆಯುತ್ತಲೇ ಇದ್ದ. ಅತಿಥಿ ಪುಸ್ತಕವೂ ಇತ್ತು. ನಾನು ಹನ್ನೊಂದು ದಿನ ಸುಮ್ಮನಿದ್ದೆ. 'ಹುಡುಕುತ್ತಿದ್ದೇನೆ' ಎಂದು ಸುಳ್ಳು ಹೇಳಿದೆ. ಸಿಗಲಿಲ್ಲವೆಂದರೆ ಮೊಮ್ಮಗಳ ಮುಂದೆ ಕಾಕಾ ಸುಳ್ಳುಗಾರರಾಗುತ್ತಾರೆ. ಸಿಕ್ಕಿತೆಂದರೆ, ಈ ಕಾಲದ ಹುಡುಗಿ, ಎರಡು ಸಾಲು ಓದಿದರೆ ಸಾಕು, ಕೆನಡಾದ ಡಾಕ್ಟರು ಮೂಡಲಗಿಯವನೆಂದು ಹಿಡಿಯುತ್ತಾಳೆ. ಆಗ ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಮುದುಕರ ಹೆಮ್ಮೆ ಒಡೆದುಹೋಗುತ್ತದೆ, ಒಡೆದವಳು ನಾನಾಗುತ್ತೇನೆ. ಖರೇ ಹೇಳಬೇಕೆಂದರೆ ಒಡೆದವಳು ನಾನೆಂಬುದೇ ನನ್ನನ್ನು ಹೆಚ್ಚು ಕಾಡಿತು. ಕಡೆಗೆ ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು, ಕಾಕಾ ಒಬ್ಬರೇ ಇದ್ದಾಗ ತಪ್ಪೊಪ್ಪಿಕೊಳ್ಳೋಣವೆಂದು ಒಂದು ಭಾನುವಾರ ಹುಕ್ಕೇರಿಗೆ ಹೋದೆ.

ಒಬ್ಬರೇ ಸಿಗಲಿಲ್ಲ. ಮೊಮ್ಮಗಳು ಬಾಜೂಕೇ ಕೂತಿದ್ದಳು. ಕಾಗದ ಕೈಯಿಂದ ಕಸಿದುಕೊಂಡು ಓದತೊಡಗಿದಳು. 'ಕಿರಿಯರಿಗೆ ಆಶೀರ್ವಾದ'ದ ಹತ್ತಿರ ನಿಂತಳು. ನನ್ನ ಮುಖ ನೋಡಿ, "ಆಂಟಿ, ಇವ್ರು ಖರೇನ ಪರದೇಶದವ್ರೇನ್ರಿ?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾನೇ ಹೇಳಿದರು. "ಹೂಂ ಮತ್ತ. ದಿನಾ ಮೂಡಲಗಿ ಬಸ್ಸಿನ್ಯಾಗ ಬರತಿದ್ರು."

ನಾನು ಕೈಯಲ್ಲಿದ್ದ ಅವಲಕ್ಕಿಯ ತಾಟು ಕೆಳಗಿಟ್ಟೆ.

"ಕಾಕಾ, ನಿಮಗ ಗೊತ್ತಿತ್ತು?"

"ನನ್ನ ಕೆಲಸ ಏನವಾ? ಯಾರು ಹತ್ತಿದ್ರು, ಯಾರು ಇಳದ್ರು ನೋಡೂದ. ನೀ ಮೂರೂ ಹದಿನೈದರ ಬಸ್ಸು ಬಿಟ್ಟ ದಿನಾ ಮೂರು ದೇಶದವ್ರೂ ಬರೀತಿದ್ರು. ನೀ ಕಾಲೇಜಿಗೆ ಬರದ ದಿನಾ ಜಗತ್ತ ಗಪ್‌ಚಿಪ್."

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. "ಮತ್ತ ಡ್ರೈವರಗೊಳಿಗೆ ಚಹಾ ಯಾಕ ಕುಡಿಸಿದ್ರಿ?" ಎಂದೆ.

"ಮದಲಿನ ಸಲ ಗೊತ್ತಿದ್ದಿಲ್ಲ. ಆಮ್ಯಾಲೆ ಒಬ್ಬಾಕಿಯಾದ್ರೂ ಓದತಾಳಲ್ಲಾ ಅಂತ ಕುಡಿಸಿದೆ."

ಆಮೇಲೆ ಕಾಕಾ ಕನ್ನಡಕ ಹಾಕಿಕೊಂಡು ಕಾಗದದಲ್ಲಿ ಮೂಡಲಗಿಯ ಸಾಲು ಹುಡುಕಿ ಅದರ ಮೇಲೆ ಬೆರಳಿಟ್ಟರು. ನಗು ನಿಂತಿತ್ತು.

"ಪರದೇಶದವ್ರದು ನೆವಾ ತಂಗಿ. ನಾ ಹುಡಕಿಸಿದ್ದು ಇದನ್ನ. ನಿಮ್ಮ ಅಪ್ಪಾರು ಒಂದಿನಾ ಮುಂಜಾನೆ ನನ್ನ ಗಾಜಿನ ಕೋಲಿಗೆ ಬಂದಿದ್ರು, ನೀ ಕ್ಲಾಸಿನ್ಯಾಗ ಇದ್ದಿ. ಮೂಡಲಗಿ ಬಸ್ಸು ಖರೇನ ನಾಲ್ಕಕ್ಕ ಬಿಡತೈತೇನ್ರಿ, ಸುಳ್ಳಾದ್ರ ನಾಳಿಂದ ಹುಡುಗಿ ಕಾಲೇಜ ಬಂದ್ ಅಂದ್ರು. ಕುಂಡ್ರರಿ, ಚಾ ಕುಡೀರಿ ಅಂತ ಹೇಳಿ ಎದರಿನ ಕೆಫೆಕ್ಕ ಓಡಿ ಹೋಗಿ ಇದನ್ನ ತಿದ್ದಿದೆ. ತಿದ್ದಿ, ಅವರನ್ನ ಕರಕೊಂಡು ಹೋಗಿ ತೋರಿಸಿದೆ. ಕಂಪ್ಯೂಟರಿನ್ಯಾಗ ಬಂದೈತಿ ಅಂದ್ರ ಮುಗೀತು ಆಗ. ಕೆಳಗ ಪರದೇಶದವ್ರು ಹೊಗಳಿ ಬರದದ್ದನ್ನೂ ಓದಿ ಹೇಳಿದೆ. ಇಷ್ಟ ದೊಡ್ಡ ಮಂದಿ ಒಪ್ಪ್ಯಾರಂದ್ರ ನಂದೇನೈತ್ರಿ ಅಂತ ಕೈ ಮುಗದು ಹೋದ್ರು."

ನಾನು ಕೀಟಲೆಗೆ ಹುಟ್ಟಿಸಿದ ಮೂವರು ನನ್ನ ಅಬ್ಬಾನ ಮುಂದೆ ನನ್ನ ಪರವಾಗಿ ಸಾಕ್ಷಿ ಹೇಳಿ ಬಂದಿದ್ದರು. ನನ್ನ ಓದು, ನನ್ನ ಕೆಲಸ, ಎಲ್ಲ ಆ ಒಂದು ಸಾಲಿನ ಮೇಲೆ ನಿಂತಿತ್ತು. ಅದನ್ನೇ ನಾನು ಕೆನಡಾದ ಡಾಕ್ಟರಿಂದ ಅಳಿಸಲು ಹೊರಟಿದ್ದೆ, ಹಟಮಾರಿ ಮುದುಕ ಎಂದಿದ್ದೆ. ನನಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು.

"ಸರ್ವೀಸಿನ್ಯಾಗ ಯಾರಿಗೂ ಸುಳ್ಳ ವೇಳೆ ಹೇಳಿಲ್ಲವಾ," ಕಾಕಾ ಮೆಲ್ಲಗೆ ಅಂದರು. "ಇದೊಂದ. ನಿನ್ನ ಓದು ಮುಗದ ಮ್ಯಾಲೆ ತಿದ್ದಬೇಕಂತಿದ್ದೆ, ಅಷ್ಟರಾಗ ಪುಟಾನ ಹೋತು. ನೀ ಕಂಪ್ಯೂಟರ್ ಕಲಿಸಾಕಿ. ಇದನ್ನಷ್ಟ ತಿದ್ದಿ ಕೊಡು. ಮನಸ್ಸಿನ್ಯಾಗ ಮುಳ್ಳ ಮುರದಂಗ ಆಗೈತಿ."

ತಿದ್ದಲು ಬರುವುದಿಲ್ಲವೆಂದು ಹೇಳಬೇಕಾಯಿತು. ಉಗ್ರಾಣದಲ್ಲಿರುವುದು ನಕಲು, ಇದ್ದಂತೆ ನೋಡಬಹುದು, ಮುಟ್ಟುವಂತಿಲ್ಲ. ಕಾಕಾ ಕಾಗದವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಅಷ್ಟು ಸಣ್ಣ ಮುಖ ಮಾಡಿಕೊಂಡದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಬಸ್ಸಿನಲ್ಲಿ ಗೋಕಾಕಕ್ಕೆ ವಾಪಸು ಬರುವಾಗ ಗಟ್ಟಿ ಮನಸ್ಸು ಮಾಡಿದೆ. ಸೋಮವಾರ ಬೆಳಿಗ್ಗೆ ಚಹಾದ ಹೊತ್ತಿಗೆ ಗುಂಪಿಗೆ ಆ ಪುಟದ ಲಿಂಕು ಹಾಕಿ, ಕೆಳಗೆ ಬರೆದೆ: 'ತಿದ್ದುಪಡಿ. ಈ ಪುಟದಲ್ಲಿ ಮೂಡಲಗಿ ಬಸ್ಸು ನಾಲ್ಕಕ್ಕೆ ಎಂದಿದೆ, ತಪ್ಪು. ಅದು ದಿನಾಲೂ ಮೂರೂ ಹದಿನೈದಕ್ಕೇ ಬಿಡುತ್ತಿತ್ತು. ಅದನ್ನು ಬೇಕಂತಲೇ ಬಿಟ್ಟು ಕೆಫೆಯಲ್ಲಿ ಕೂತು ಮನೆಯಲ್ಲಿ ಸುಳ್ಳು ಹೇಳಿದವಳು ನಾನು. ಕೆನಡಾ, ಜಪಾನು, ಸ್ಕಾಟ್ಲೆಂಡು ಎಲ್ಲ ನಾನೇ. ಕಂಟ್ರೋಲರ್ ಸಾಹೇಬರದು ಏನೂ ತಪ್ಪಿಲ್ಲ.'

ಅವತ್ತು ಮೊದಲ ಸಲ ಎಲ್ಲರೂ ಲಿಂಕು ತೆರೆದು ನೋಡಿದರು. ಕೌಜಲಗಿಯವರು ನಕ್ಕು ಸಾಕಾದರು, ದಡ್ಡಿಯ ಮಾಸ್ತರರು ಸ್ಕಾಟ್ಲೆಂಡಿನ ಕುರಿಗಳ ಯೋಗಕ್ಷೇಮ ಕೇಳಿದರು. ನಾನು ಕಾಯುತ್ತಿದ್ದದ್ದು ಮೂಡಲಗಿಯ ಉತ್ತರಕ್ಕೆ. ಅಣ್ಣ ಅದನ್ನು ಅಬ್ಬಾಗೆ ಓದಿ ಹೇಳದೇ ಬಿಡುವವನಲ್ಲ. ಅಬ್ಬಾಗೆ ಈಗ ವಯಸ್ಸಾಗಿದೆ, ಆದರೆ ಹಲ್ಲು, ಹಟ ಎರಡೂ ಗಟ್ಟಿ.

ಮಧ್ಯಾಹ್ನ ಅಣ್ಣನ ಫೋನಿನಿಂದ ಅಬ್ಬಾನ ಧ್ವನಿ ಬಂತು. ಮನೆಯಲ್ಲಿ ನಮ್ಮದು ಉರ್ದು, ಆದರೆ ಗುಂಪಿನವರಿಗೆಲ್ಲ ತಿಳಿಯಲೆಂದು ಕನ್ನಡದಲ್ಲೇ ಮಾತಾಡಿದ್ದರು.

"ನನ್ನ ಮಗಳ ಮಾತು ಯಾರೂ ನಂಬಬ್ಯಾಡ್ರಿ. ಆ ಬಸ್ಸು ನಾಲ್ಕಕ್ಕ ಬಿಡತಿತ್ತು. ನಾನ ಕಣ್ಣಾರೆ ಕಂಪ್ಯೂಟರಿನ್ಯಾಗ ನೋಡೇನಿ. ಕಂಟ್ರೋಲರ್ ಸಾಹೇಬ್ರು ಸುಳ್ಳ ಹೇಳೂ ಮನಿಶ್ಯಾ ಅಲ್ಲ."

ಅದರ ಕೆಳಗೆ ತಾಸಿನ ಮೇಲೆ ಹುಕ್ಕೇರಿಯಿಂದ ಒಂದು ಸಾಲು ಬಂತು, ಒಂದೊಂದೇ ಬೆರಳಿನಿಂದ ಬಡಿದದ್ದು.

"ಹಂಗಾದ್ರ ನಾಲ್ಕಕ್ಕ ಬಿಟ್ಟಿರಬೇಕ ಬಿಡವಾ."