ಗುಡಿಸಲಿಗೆ ಅಡ್ಡ ನಿಂತವರು

ಇವತ್ತು ಬೆಳಿಗ್ಗೆ ನಳಕ್ಕೆ ನೀರು ಬಂದಾಗ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಅಡರಿತು. ಕೊಡವನ್ನು ಅಲ್ಲೇ ಬಿಟ್ಟು ಕಟ್ಟೆಯ ಮೇಲೆ ಕುಳಿತೆ. ನಮ್ಮ ನರ್ಸಬಾಯಿಯ ಸೀರೆಗೆ ಯಾವಾಗಲೂ ಇದೇ ವಾಸನೆ...

ನಿಪ್ಪಾಣಿಯ ಅಂಚಿನ ನಮ್ಮ ಓಣಿಗೆ ಅವರು ಸರಕಾರಿ ನರ್ಸು, ನಾನು ಆಶಾ ಕಾರ್ಯಕರ್ತೆ. ಯಾರಿಗೆ ಜ್ವರ, ಯಾರಿಗೆ ಭೇದಿ ಎಂದು ಇಬ್ಬರೂ ಮನೆಮನೆ ತಿರುಗುತ್ತಿದ್ದೆವು. ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬಂದ ಕೂಲಿಕಾರರ ಟೋಳಿಗಳು ಓಣಿಯ ಹಿಂದಿನ ಬಯಲಿನಲ್ಲಿ ಕಬ್ಬಿನ ಒಣ ಎಲೆಯ, ರವದಿಯ ಗುಡಿಸಲು ಹಾಕಿದರೆ ಅಲ್ಲಿಗೂ ಹೋಗುತ್ತಿದ್ದೆವು.

ಒಂದು ವರ್ಷ ವಾಂತಿಭೇದಿ ಓಣಿಯಲ್ಲೂ ಗುಡಿಸಲುಗಳಲ್ಲೂ ಹಬ್ಬಿತು. ಓಣಿಯ ಮುದುಕನೊಬ್ಬ ತೀರಿಕೊಂಡ. ಮಣ್ಣು ಮಾಡಿ ಬಂದ ಗಂಡಸರು ನಳದ ಹತ್ತಿರ ಗುಂಪುಗೂಡಿದರು.

"ಹೊರಗಿಂದ ಬಂದವ್ರ ತಂದಾರ ಈ ರೋಗ," ಎಂದ ಸತ್ತವನ ಮಗ.

ನರ್ಸಬಾಯಿ ಅವನಿಗೆ ಹೇಳಿದರು: "ಅವ್ರು ಬರೂಕಿಂತ ಮೊದಲ ನಮ್ಮ ಓಣ್ಯಾಗ ಸುರು ಆಗಿತ್ತಪಾ. ಈ ನಳದ ನೀರು ಕುಡದವ್ರಿಗೇ ಆಗೇತಿ. ಗಟಾರದಾಗ ಪೈಪ್ ಒಡದಿರಬೇಕು, ಅಗದು ನೋಡೂಣು."

ಯಾರೂ ಕೇಳಿಸಿಕೊಳ್ಳಲಿಲ್ಲ.

ಅದೇ ದಿನ ಮಧ್ಯಾಹ್ನ ನಾವು ಒಂದು ಗುಡಿಸಲಿನಲ್ಲಿದ್ದೆವು. ಬಸುರಿ ಹೆಂಗಸೊಬ್ಬಳ ಕಣ್ಣು ಗುಳಿಬಿದ್ದು, ನಾಡಿ ಸಿಗದಂತಾಗಿತ್ತು. ಆಂಬುಲೆನ್ಸ್ ಬರುವ ತನಕವೆಂದು ನರ್ಸಬಾಯಿ ಸಲೈನ್ ಹಚ್ಚಿದ್ದರು. ಬಾಟಲಿ ನನ್ನ ಕೈಯಲ್ಲಿತ್ತು. ಹೊರಗೆ ಗದ್ದಲ ಕೇಳಿತು. ಬಡಿಗೆ, ಸೀಮೆಎಣ್ಣೆಯ ಡಬ್ಬಿ ಹಿಡಿದು ನಮ್ಮ ಓಣಿಯವರೇ ಬಂದಿದ್ದರು. ಪಕ್ಕದ ಗುಡಿಸಲು ಆಗಲೇ ಭಗ್ಗೆಂದು ಹೊತ್ತಿತ್ತು. ಕಟ್ಟಿದ್ದ ಎತ್ತು ಹಗ್ಗ ಜಗ್ಗಿ ಒರಲುತ್ತಿತ್ತು.

ನರ್ಸಬಾಯಿ ಬಾಗಿಲಿಗೆ ಅಡ್ಡ ನಿಂತರು. "ಒಳಗ ಬಸುರಿ ಹೆಣ್ಮಗಳದಾಳ. ನನ್ನ ದಾಟಿ ಹೋಗ್ರಿ."

ಸತ್ತವನ ಮಗ ಬಡಿಗೆ ಎತ್ತಿದ. ನರ್ಸಬಾಯಿಯ ಎಡಗೈಯ ಎಲುಬು ಮುರಿದ ಸದ್ದು ಒಳಗಿದ್ದ ನನಗೂ ಕೇಳಿತು. ಎರಡನೆಯ ಏಟು ಹಣೆಗೆ ಬಿತ್ತು. ಮುಖವೆಲ್ಲ ರಕ್ತ. ಅವರು ಚೌಕಟ್ಟನ್ನು ಬಲಗೈಯಲ್ಲಿ ಹಿಡಿದು ನಿಂತೇ ಇದ್ದರು. ರಕ್ತ ಕಂಡು ಕೆಲವರು ಹಿಂದೆ ಸರಿದರು. ಅಷ್ಟರಲ್ಲಿ ಬೆಂಕಿ ನಾವಿದ್ದ ಗುಡಿಸಲಿನ ಮಾಡಿಗೆ ತಗುಲಿತು. ನರ್ಸಬಾಯಿ ಬಾಗಿಲು ಬಿಟ್ಟು ಸರಿದರು; ಒಳಗೇ ಇದ್ದ ಆ ಹೆಂಗಸಿನ ಗಂಡ ಅವಳನ್ನು ಹೊತ್ತು ಆಂಬುಲೆನ್ಸ್ ಬರುವ ದಾರಿಯತ್ತ ಓಡಿದ. ನಾನು ಬಾಟಲಿ ಎತ್ತಿ ಹಿಡಿದು ಜೊತೆಗೇ ಓಡಿದೆ... ಆಕೆ ಉಳಿದಳು, ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಆಮೇಲೆ ಗಟಾರ ಅಗೆದರು. ಪೈಪು ಒಡೆದೇ ಇತ್ತು.

ಪೊಲೀಸರು ಕೇಳಿದಾಗ ನರ್ಸಬಾಯಿ ಹೊಡೆದವನ ಹೆಸರು ಹೇಳಿದರು. ಅವನನ್ನು ಹಿಡಿದೊಯ್ದ ಮೇಲೆ ಅವನ ತಾಯಿಯೂ ಭೇದಿ ಹಚ್ಚಿಕೊಂಡು ಮಲಗಿದಳು. ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನರ್ಸಬಾಯಿ ಆ ಮನೆಗೆ ಹೊರಟರು. ಸಿಟ್ಟಿನಿಂದ ನಾನು ಅಂಗಳದಲ್ಲೇ ನಿಂತೆ.

"ಕೇಸ್ ಬ್ಯಾರೆ, ಔಷಧ ಬ್ಯಾರೆ. ಒಳಗ ಬಾ," ಎಂದರು.

ಮುದುಕಿ ಮಗನನ್ನು ಬಿಡಿಸೆಂದು ಅವರ ಕಾಲು ಹಿಡಿದಳು. ಅವರು ಕಾಲು ಬಿಡಿಸಿಕೊಂಡು, ಸಕ್ಕರೆ ಉಪ್ಪಿನ ನೀರು ಕುಡಿಸಿದರು. ಮುದುಕಿ ಗುಣವಾದಳು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದೂ ಅವರೇ, ಮಗನಿಗೆ ಶಿಕ್ಷೆಯಾಯಿತು.

ನಿವೃತ್ತಿಯ ನಂತರ ಅಥಣಿಯ ಮಗಳ ಮನೆ ಸೇರಿದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರೆಂದು ಮಗಳು ಫೋನು ಮಾಡಿದಾಗ ಮಣ್ಣು ಮುಗಿದಿತ್ತು. ಮುಖ ನೋಡಲೂ ಆಗಲಿಲ್ಲ...

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಯಾರ ಮನೆಯಲ್ಲಾದರೂ ಕೂಸು ವಾಂತಿ ಮಾಡಿಕೊಂಡರೆ ಓಣಿಯ ಹೆಂಗಸರು ರೂಢಿಯಿಂದ, "ನರ್ಸಬಾಯಿಗೆ ಹೇಳಿ ಬರ್ರಿ," ಅನ್ನುತ್ತಾರೆ. ಆಮೇಲೆ ಅವರಿಲ್ಲದ್ದು ನೆನಪಾಗಿ, ಸಕ್ಕರೆ ಉಪ್ಪು ಹುಡುಕಲು ಒಳಗೆ ಹೋಗುತ್ತಾರೆ.