ಹೇರೋಹಳ್ಳಿಗೆ ಬಂದ ಸೇನೆಯ ಜೀಪು

ಹೇರೋಹಳ್ಳಿಯಲ್ಲಿ ನಾನು ಸ್ಕೂಲ್ ವ್ಯಾನ್ ಓಡಿಸ್ತೀನಿ. ಒಂದು ಬೆಳಿಗ್ಗೆ ನಮ್ಮ ರಸ್ತೆಯ ದೊಡ್ಡ ಗುಂಡಿಯ ಮುಂದೆ ಹಸಿರು ಜೀಪೊಂದು ಅಡ್ಡ ನಿಂತಿತ್ತು. ಸೇನೆಗೆಂದು ಹೊಸದಾಗಿ ತಯಾರಾಗ್ತಿರೋ ಗಾಡಿಯಂತೆ.

"ಮಕ್ಕಳಿಗೆ ಲೇಟಾಗ್ತಿದೆ, ತೆಗೀರಿ ಸಾರ್," ಅಂದೆ.

"ಐದು ನಿಮಿಷ ಅಣ್ಣ, ಟೆಸ್ಟ್ ಮಾಡ್ತಿದೀವಿ. ಇಂಥ ರಸ್ತೆ ನಮ್ಮ ಟ್ರ್ಯಾಕಲ್ಲೂ ಇಲ್ಲ!" ಅಂತ ಅದರ ಎಂಜಿನಿಯರ್ ಖುಷಿಪಟ್ಟ.

ನನಗೆ ಮೈಯೆಲ್ಲ ಉರಿದುಹೋಯ್ತು. "ಹೋದ ವಾರ ಇದೇ ಗುಂಡೀಲಿ ವ್ಯಾನ್ ಎಗರಿ ಒಂದು ಮಗೂದು ಹಲ್ಲು ಮುರೀತು, ಗೊತ್ತಾ?"

ಅವನು ಪೆಚ್ಚಾಗಿ ಜೀಪು ಹತ್ತಿದ. ಗುಂಡಿಗೆ ಇಳಿದಿದ್ದೇ ಜೀಪಿನ ಸ್ಪ್ರಿಂಗ್ ಮುರಿಯಿತು. ತಿಂಗಳೊಳಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿಕೊಂಡು ಬಂದು ಸಲೀಸಾಗಿ ದಾಟಿದ. ಗುಂಡಿಯನ್ನು ಮಾತ್ರ ಯಾರೂ ಮುಚ್ಚಿರಲಿಲ್ಲ.

"ನಿಮ್ಮ ವ್ಯಾನಿಗೂ ಇಂಥದ್ದೇ ಹಾಕಿಸಿಬಿಡಿ ಅಣ್ಣ," ಅಂತ ನನಗೇ ಬುದ್ಧಿ ಹೇಳಿದ.

ನಾನು ಮಕ್ಕಳನ್ನ ಕರ್ಕೊಂಡು ಹೋಗೋದು ಚಂದ್ರಾ ಲೇಔಟಿಗೆ ಸ್ವಾಮಿ, ಗಡಿಗಲ್ಲ!